ಓಎಸ್‌ಆರ್‌ಎಂ: ನೇರ ರಸ್ತೆಯಲ್ಲೂ ಸುಮ್ಮನಿರದ ಕನ್ನಡ ದನಿ, ಸರ್ಕಲ್‌ನಲ್ಲಿ ಗೊಂದಲ

ದಾರಿಹೋಕ_ಮೈಸೂರು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನೀರಿನ ಕ್ಯಾನ್ ಹಾಕುವ ಗೂಡ್ಸ್ ಆಟೋದವರಿಗೆ ಅಂತ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಅವರು ಪರದೆ ನೋಡುವುದು ಕಡಿಮೆ. ಕಿವಿಗೆ ಬಿದ್ದದ್ದೇ ದಾರಿ. ಆ್ಯಪ್ ಹಿಂದೆ, ದಾರಿ ಲೆಕ್ಕ ಹಾಕಿಕೊಡುವ ತಂತ್ರಾಂಶ ಓಎಸ್‌ಆರ್‌ಎಂನ ನನ್ನದೇ ಸರ್ವರ್ ಓಡುತ್ತಿದೆ. ಜಿಯೋಫ್ಯಾಬ್ರಿಕ್ ಜಾಲತಾಣದಿಂದ ಇಳಿಸಿದ ದಕ್ಷಿಣ ವಲಯದ ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ) ಡೇಟಾ, ಓಎಸ್‌ಆರ್‌ಎಂ ಜೊತೆಗೇ ಬರುವ ಕಾರ್ ಪ್ರೊಫೈಲ್ (ಕಾರಿಗೆ ದಾರಿ ಹುಡುಕುವ ನಿಯಮಗಳ ಫೈಲ್). ಒಂದೇ ಬದಲಾವಣೆ ಮಾಡಿದ್ದೇನೆ: ರಸ್ತೆಯ ಹೆಸರು ಓದುವ ಜಾಗದಲ್ಲಿ ಮೊದಲು 'ನೇಮ್:ಕೆಎನ್' (ಕನ್ನಡ ಹೆಸರು) ಟ್ಯಾಗ್ ನೋಡು, ಅದಿಲ್ಲದಿದ್ದರೆ ಮಾಮೂಲಿ 'ನೇಮ್' ತಗೋ ಅಂತ. ವಾಕ್ಯ ಕಟ್ಟುವುದು ನನ್ನ ಕೋಡ್, ಓದುವುದು ಈಸ್ಪೀಕ್ ಎನ್‌ಜಿಯ ಕನ್ನಡ ದನಿ.

ತೊಂದರೆ ಎರಡು. ನಮ್ಮ ಬಡಾವಣೆಯ ಡಬಲ್ ರೋಡ್ ಗೆರೆ ಎಳೆದ ಹಾಗೆ ನೇರ ಇದೆ. ಆದರೂ ಒಂದು ಕಿಲೋಮೀಟರ್ ಒಳಗೆ ಮೂರು ಸಲ 'ನೇರವಾಗಿ ಮುಂದುವರಿಯಿರಿ' ಅನ್ನುತ್ತದೆ, ಪ್ರತಿ ಸಲವೂ ಅದೇ ರಸ್ತೆಯ ಹೆಸರು ಹೇಳಿ. ಡ್ರೈವರ್ ಏನೋ ತಿರುವು ಬಂತು ಅಂದುಕೊಂಡು ನಿಧಾನ ಮಾಡುತ್ತಾನೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಎರಡನೆಯದು ಸರ್ಕಲ್‌ಗಳದ್ದು. 'ವೃತ್ತದಲ್ಲಿ ಮೂರನೇ ನಿರ್ಗಮನ ತೆಗೆದುಕೊಳ್ಳಿ' ಅಂದರೆ ಇಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ. ಯಾವುದು ಮೊದಲನೇದು ಅಂತ ಎಣಿಸುವಷ್ಟರಲ್ಲಿ ಸಿಟಿ ಬಸ್ ಮೈಮೇಲೆ ಬಂದಿರುತ್ತದೆ. ಸರ್ವರ್ ಬದಿ ಸರಿಮಾಡಬೇಕಾ, ಆ್ಯಪ್ ಬದಿಯಾ?

ಲುವಾಪುರಾಣ:

ಸರ್ವರ್ ಕೊಟ್ಟ ಉತ್ತರ ಹಾಗೇ ಹಾಕಿ. ನೀವು ಕಟ್ಟಿದ ವಾಕ್ಯ ಬೇಡ. 'ಸ್ಟೆಪ್ಸ್' ಆನ್ ಮಾಡಿ ಕೇಳಿದಾಗ ಪ್ರತಿ ಹೆಜ್ಜೆಗೂ ಮನೂವರ್ ಅಂತ ಒಂದು ಭಾಗ ಬರುತ್ತದಲ್ಲ, ಅದರಲ್ಲಿ ಟೈಪ್ (ತಿರುವಿನ ಬಗೆ) ಏನು, ಮಾಡಿಫೈಯರ್ (ದಿಕ್ಕು) ಏನು, ಆ ಹೆಜ್ಜೆಯ ಹೆಸರು ಏನು, ದೂರ ಎಷ್ಟು? ಅಷ್ಟು ಸಾಕು. ಹಾಗೇ 'ಡ್ರೈವಿಂಗ್ ಸೈಡ್' ಏನು ಬರುತ್ತಿದೆ ಅದನ್ನೂ ಬರೆಯಿರಿ.

ದಾರಿಹೋಕ_ಮೈಸೂರು:

ಆ ಡಬಲ್ ರೋಡಿನ ಭಾಗ ಇದು:

ಡಿಪಾರ್ಟ್, ಹೆಸರು ಕನ್ನಡದಲ್ಲಿ, 310 ಮೀ.
ನ್ಯೂ ನೇಮ್, ಸ್ಟ್ರೇಟ್, ಅದೇ ಹೆಸರು ಇಂಗ್ಲಿಷಿನಲ್ಲಿ, 180 ಮೀ.
ನ್ಯೂ ನೇಮ್, ಸ್ಟ್ರೇಟ್, ಮತ್ತೆ ಕನ್ನಡದಲ್ಲಿ, 420 ಮೀ.
ನ್ಯೂ ನೇಮ್, ಸ್ಟ್ರೇಟ್, ಇಂಗ್ಲಿಷಿನಲ್ಲಿ, 90 ಮೀ.
ಟರ್ನ್, ರೈಟ್.

ಡ್ರೈವಿಂಗ್ ಸೈಡ್ ಎಲ್ಲಾ ಕಡೆ 'ರೈಟ್' ಅಂತಿದೆ.

ಲುವಾಪುರಾಣ:

ಎರಡೂ ಸಿಕ್ಕಿತು. ಮೊದಲು ಮಾತು ಜಾಸ್ತಿ ಆಗಿರುವುದರ ಬಗ್ಗೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ರಸ್ತೆ ಒಂದೇ ಗೆರೆಯಾಗಿ ಇರುವುದು ಅಪರೂಪ. ಸೇತುವೆ ಬಂದರೆ ಒಂದು ತುಂಡು, ವೇಗಮಿತಿ ಬದಲಾದರೆ ಇನ್ನೊಂದು, ಲೇನ್ ಸಂಖ್ಯೆ ಬದಲಾದರೆ ಮತ್ತೊಂದು. ಪ್ರತಿ ತುಂಡಿಗೂ ಹೆಸರನ್ನು ಬೇರೆಬೇರೆಯಾಗಿ ಹಾಕಿರುತ್ತಾರೆ. ಯಾರೋ ಪುಣ್ಯಾತ್ಮರು ಎರಡು ತುಂಡಿಗೆ ಕನ್ನಡ ಹೆಸರು ಸೇರಿಸಿದ್ದಾರೆ, ಉಳಿದವಕ್ಕೆ ಸೇರಿಸಿಲ್ಲ. ನಿಮ್ಮ ಪ್ರೊಫೈಲ್ ಇದ್ದ ಕಡೆ ಕನ್ನಡ, ಇಲ್ಲದ ಕಡೆ ಇಂಗ್ಲಿಷ್ ಎತ್ತಿಕೊಳ್ಳುತ್ತದೆ. ಓಎಸ್‌ಆರ್‌ಎಂಗೆ ಅಕ್ಷರ ಬೇರೆ ಅಂದರೆ ಹೆಸರೇ ಬೇರೆ. ತಿರುವು ಇಲ್ಲ, ಹೆಸರು ಬದಲಾಯಿತು, ಹಾಗಾಗಿ 'ನ್ಯೂ ನೇಮ್'. ಅದು ತನ್ನ ಲೆಕ್ಕದಲ್ಲಿ ಸರಿಯಾಗೇ ಹೇಳುತ್ತಿದೆ. ನಿಮ್ಮ ಈಸ್ಪೀಕ್ ಆ ಇಂಗ್ಲಿಷ್ ಹೆಸರನ್ನೂ ಹೇಗೋ ಓದಿಬಿಡುತ್ತದೆ, ಅದಕ್ಕೇ ಕೇಳುವವರಿಗೆ ಅದೇ ಹೆಸರು ಮತ್ತೆ ಮತ್ತೆ ಬಂದಂತೆ ಅನಿಸುವುದು.

ಪರಿಹಾರಕ್ಕೆ ಮೂರು ದಾರಿ ಇದೆ. ಡೇಟಾ ಸರಿಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ನಕ್ಷೆಯ ಡೇಟಾ ಹುಡುಕುವ ತಾಣ ಓವರ್‌ಪಾಸ್ ಟರ್ಬೋದಲ್ಲಿ 'ಹೆಸರಿದೆ, ಕನ್ನಡ ಹೆಸರಿಲ್ಲ' ಅನ್ನುವ ರಸ್ತೆಗಳನ್ನು ಹುಡುಕಿ, ನಕ್ಷೆ ತಿದ್ದುವ ತಂತ್ರಾಂಶ ಜೋಸ್ಮ್‌ನಲ್ಲಿ ತೆರೆದು ತುಂಬಿಸಿ. ಬೀದಿಯ ಬೋರ್ಡ್ ನೋಡಿ ಹಾಕಿ, ಗೂಗಲ್ ಮ್ಯಾಪ್ಸ್ ನೋಡಿಕೊಂಡು ಹಾಕಬೇಡಿ, ಅದಕ್ಕೆ ಅನುಮತಿ ಇಲ್ಲ. ಆದರೆ ಇಡೀ ಊರು ಮುಗಿಯಲು ಕಾಲ ಬೇಕು.

ಅಲ್ಲಿಯವರೆಗೆ ನಾನಾದರೆ ಹೀಗೆ ಮಾಡುತ್ತೇನೆ. ಪ್ರೊಫೈಲ್ ಹಿಂದಿನಂತೆಯೇ ಇರಲಿ, ಮಾಮೂಲಿ 'ನೇಮ್' ಮಾತ್ರ ಓದಲಿ. ಹೆಸರು ಬದಲಾಯಿತೇ ಇಲ್ಲವೇ ಅನ್ನುವ ತೀರ್ಮಾನ ಆ ಒಂದೇ ಹೆಸರಿನ ಮೇಲೆ ಆಗಲಿ. ಕನ್ನಡ ಹೆಸರಿಗೆ ಬೇರೆ ಪಟ್ಟಿ ಮಾಡಿ: ಅದೇ ಡೇಟಾ ಫೈಲಿನಿಂದ 'ನೇಮ್' ಮತ್ತು 'ನೇಮ್:ಕೆಎನ್' ಎರಡೂ ಇರುವ ರಸ್ತೆಗಳನ್ನು ಜೋಡಿಜೋಡಿಯಾಗಿ ತೆಗೆದಿಟ್ಟುಕೊಳ್ಳಿ, ಮಾತಾಡುವ ಮುಂಚೆ ಆ್ಯಪ್ ಒಳಗೆ ಹೆಸರು ಬದಲಿಸಿ. ಒಂದು ತುಂಡಿಗೆ ಕನ್ನಡ ಹೆಸರು ಇದ್ದರೂ ಸಾಕು, ಇಡೀ ರಸ್ತೆಗೆ ಸಿಕ್ಕಿಬಿಡುತ್ತದೆ.

ಮೂರನೆಯದು 'ನ್ಯೂ ನೇಮ್' ಬಂದರೆ ಬಾಯಿ ಮುಚ್ಚು ಅಂತ ಆ್ಯಪ್‌ಗೆ ಹೇಳುವುದು. ಸುಲಭ, ಆದರೆ ಅಲ್ಲೊಂದು ಗುಂಡಿ ಇದೆ. ನಾಳೆ ಬರೆಯುತ್ತೇನೆ.

ಹಳೇಸ್ಟೇರಿಂಗ್:

ನಾನು ಪ್ರೋಗ್ರಾಮರ್ ಅಲ್ಲ, ಗಾಡಿ ಓಡಿಸುವವನು. ನನ್ನ ಅನುಭವದಲ್ಲಿ ಸುಮ್ನೆ ಇದ್ದರೆ ನೇರ ಹೋಗು ಅಂತಲೇ ಅರ್ಥ. ಮಾತಾಡಿದರೆ ಏನೋ ಮಾಡಬೇಕು. ಇಷ್ಟು ನೆನಪಿಟ್ಟುಕೊಂಡು ಮಾಡಿ ಸ್ವಾಮಿ, ಜಾಸ್ತಿ ಮಾತಾಡಿದರೆ ನಮ್ಮ ಹುಡುಗರು ಸೌಂಡ್ ಆಫ್ ಮಾಡುತ್ತಾರೆ, ಆಮೇಲೆ ಬೇಕಾದಾಗಲೂ ಕೇಳಿಸಲ್ಲ.

ದಾರಿಹೋಕ_ಮೈಸೂರು:

ನಿಜ ಅಣ್ಣಾ. @ಲುವಾಪುರಾಣ, ಕಾಯಲು ಆಗಲಿಲ್ಲ, 'ನ್ಯೂ ನೇಮ್' ಹೆಜ್ಜೆಗಳನ್ನು ಪಟ್ಟಿಯಿಂದ ಕಿತ್ತು ನೋಡಿದೆ. ಮಾತು ನಿಂತಿತು. ಆದರೆ ಈಗ ಹೊರಟ ಕೂಡಲೇ '310 ಮೀಟರ್ ನಂತರ ಬಲಕ್ಕೆ ತಿರುಗಿ' ಅನ್ನುತ್ತದೆ. ನಿಜವಾದ ತಿರುವು ಒಂದು ಕಿಲೋಮೀಟರ್ ಆಚೆ. ಮಧ್ಯದಲ್ಲಿ 'ದಾರಿ ತಪ್ಪಿದ್ದೀರಿ' ಅಂತಲೂ ಬರುತ್ತದೆ.

ಲುವಾಪುರಾಣ:

ಇದೇ ಆ ಗುಂಡಿ. ಒಂದು ಹೆಜ್ಜೆಯ ದೂರ ಅಂದರೆ ಆ ಹೆಜ್ಜೆ ಶುರುವಾದ ಜಾಗದಿಂದ ಮುಂದಿನ ಹೆಜ್ಜೆಯವರೆಗಿನ ದೂರ. ನಡುವಿನದನ್ನು ಕಿತ್ತರೆ ಅದರ ದೂರ, ಅದರ ಸಮಯ ಎರಡನ್ನೂ ಹಿಂದಿನ ಹೆಜ್ಜೆಗೆ ಕೂಡಿಸಬೇಕು. ನಿಮ್ಮದರಲ್ಲಿ 310, 180, 420, 90 ಎಲ್ಲಾ ಸೇರಿ 1000 ಮೀಟರ್ ಆಗಬೇಕು, ಆಗ 'ಒಂದು ಕಿಲೋಮೀಟರ್ ನಂತರ ಬಲಕ್ಕೆ' ಸರಿ ಬರುತ್ತದೆ. ದಾರಿಯ ಗೆರೆಯ ಬಿಂದುಗಳನ್ನೂ ಹಾಗೇ ಅಂಟಿಸಿ. ಅಂಟಿಸದಿದ್ದರೆ ಗಾಡಿ ಇರುವ ಜಾಗ ಯಾವ ಹೆಜ್ಜೆಯ ಗೆರೆಗೂ ಸೇರುವುದಿಲ್ಲ, ಅದಕ್ಕೇ ದಾರಿ ತಪ್ಪಿತು ಅನ್ನುವುದು.

ಎಲ್ಲಾ 'ನ್ಯೂ ನೇಮ್' ಕೀಳಬೇಡಿ. ಮಾಡಿಫೈಯರ್ 'ಸ್ಟ್ರೇಟ್' ಇದ್ದರೆ ಮಾತ್ರ ಕೀಳಿ. ರಸ್ತೆಯೇ ಬಾಗಿದ ಕಡೆ ಹೆಸರೂ ಬದಲಾದರೆ 'ನ್ಯೂ ನೇಮ್' ಜೊತೆ 'ಸ್ಲೈಟ್ ಲೆಫ್ಟ್' ಅಂತೆಲ್ಲ ಬರಬಹುದು, ಅಂಥ ಕಡೆ ಒಂದು ಮಾತು ಹೇಳಿದರೆ ನಷ್ಟವಿಲ್ಲ. ಇನ್ನೊಂದು, ಮುಂದೆ ಗೊತ್ತಿಲ್ಲದ ಟೈಪ್ ಬಂದರೆ ಆ್ಯಪ್ ಬಿದ್ದುಹೋಗಬಾರದು. ಅದನ್ನು ಸಾದಾ 'ಟರ್ನ್' ಅಂತ ತಿಳಿದು ಮಾಡಿಫೈಯರ್ ನೋಡಿ ಹೇಳಿ ಅಂತ ಓಎಸ್‌ಆರ್‌ಎಂನ ದಾಖಲೆಯಲ್ಲೇ ಇದೆ.

ಇನ್ನು ಡ್ರೈವಿಂಗ್ ಸೈಡ್. ಕಾರ್ ಪ್ರೊಫೈಲ್‌ನಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವಿಂಗ್' ಅನ್ನುವುದು ಮೂಲದಲ್ಲಿ 'ಫಾಲ್ಸ್' ಇರುತ್ತದೆ, ಅಂದರೆ ನಾವೆಲ್ಲ ಬಲಗಡೆ ಓಡಿಸುತ್ತೇವೆ ಅಂತ ಅದು ನಂಬಿದೆ. 'ಟ್ರೂ' ಮಾಡಿ. ಬೇರೆಬೇರೆ ದೇಶ ಸೇರಿದ ಡೇಟಾ ಆದರೆ ಯಾವ ದೇಶ ಯಾವ ಬದಿ ಅಂತ ಹೇಳುವ ಜಿಯೋಜೇಸನ್ ಫೈಲ್ ಅದರ ಜೊತೆಗೇ ಇದೆ, ಎಕ್ಸ್‌ಟ್ರಾಕ್ಟ್ (ನಕ್ಷೆಯ ಡೇಟಾ ಓದಿ ಸಿದ್ಧಮಾಡುವ ಮೊದಲ ಹಂತ) ಮಾಡುವಾಗ ಅದನ್ನು ಕೊಡಬಹುದು. ನಿಮಗೆ ಅಷ್ಟೆಲ್ಲ ಬೇಡ.

ಮುಖ್ಯವಾದದ್ದು: ಪ್ರೊಫೈಲ್ ಬದಲಿಸಿದ ಮೇಲೆ ಬರೀ ಕೊನೆಯ ಹಂತವಾದ ಕಸ್ಟಮೈಸ್ ಓಡಿಸಿದರೆ ಸಾಲದು. ತಿರುವುಗಳ ಲೆಕ್ಕ ಎಕ್ಸ್‌ಟ್ರಾಕ್ಟ್ ಹಂತದಲ್ಲೇ ಆಗುತ್ತದೆ. ಎಕ್ಸ್‌ಟ್ರಾಕ್ಟ್, ಪಾರ್ಟಿಶನ್, ಕಸ್ಟಮೈಸ್, ಮೂರನ್ನೂ ಮೊದಲಿಂದ ಓಡಿಸಿ, ಸರ್ವರ್ ಮತ್ತೆ ಶುರುಮಾಡಿ.

ನಕಾಶೆಪ್ರಿಯೆ:

ಸರ್ಕಲ್ ವಿಷಯ ನಾನು ಹೇಳುತ್ತೇನೆ, ಅದರ ಜೊತೆ ಸಾಕಷ್ಟು ಗುದ್ದಾಡಿದ್ದೇನೆ.

ಓಎಸ್‌ಆರ್‌ಎಂ ಸರ್ಕಲ್‌ಗಳನ್ನು ಮೂರು ಬಗೆ ಮಾಡುತ್ತದೆ. ಸಣ್ಣ ಸರ್ಕಲ್, ನಾಲ್ಕು ಕಡೆ ಸ್ಪಷ್ಟವಾಗಿ ನಾಲ್ಕು ರಸ್ತೆ ಇದ್ದರೆ ಅದನ್ನು 'ರೌಂಡಬೌಟ್ ಟರ್ನ್' ಅಂತ ಹೇಳಿ ಎಡ, ಬಲ, ನೇರ ಅಂತಲೇ ಕೊಡುತ್ತದೆ, ನಮಗೆ ಬೇಕಾದದ್ದೂ ಅದೇ. ದೊಡ್ಡದಾಗಿ ಅದಕ್ಕೇ ಸ್ವಂತ ಹೆಸರಿದ್ದರೆ 'ರೋಟರಿ', ಜೊತೆಗೆ ಸರ್ಕಲ್ ಹೆಸರು. ಉಳಿದದ್ದೆಲ್ಲ 'ರೌಂಡಬೌಟ್', ಎಷ್ಟನೇ ದಾರಿ ಅನ್ನುವ ಅಂಕಿ ಸಮೇತ. ಮೈಸೂರಿನ ಕಷ್ಟ ಏನೆಂದರೆ ಸರ್ಕಲ್‌ಗೆ ಬಂದು ಸೇರುವ ರಸ್ತೆಗಳು ಎಷ್ಟೋ ಕಡೆ ಡಿವೈಡರ್ ಇರುವವು. ಅಂಥ ರಸ್ತೆಯನ್ನು ಮ್ಯಾಪ್‌ನಲ್ಲಿ ಹೋಗಲು ಒಂದು, ಬರಲು ಒಂದು ಅಂತ ಎರಡು ಗೆರೆ ಎಳೆಯುತ್ತಾರೆ. ಕಣ್ಣಿಗೆ ನಾಲ್ಕೇ ರಸ್ತೆ ಕಂಡರೂ ಸಾಫ್ಟ್‌ವೇರ್‌ಗೆ ಏಳೆಂಟು ಕೂಡುವ ಜಾಗ ಕಾಣುತ್ತದೆ. ನಾಲ್ಕು ಮೀರಿದರೆ ಅದು 'ರೌಂಡಬೌಟ್ ಟರ್ನ್' ಆಗುವುದಿಲ್ಲ.

ಹಾಗಾಗಿ ಅಂಕಿ ಬಿಟ್ಟುಬಿಡಿ, ಕೋನ ನೋಡಿ. 'ರೌಂಡಬೌಟ್' ಹೆಜ್ಜೆಯಲ್ಲಿ ಒಳಬರುವ ದಿಕ್ಕು 'ಬೇರಿಂಗ್ ಬಿಫೋರ್' ಇದೆ (ಬೇರಿಂಗ್ ಅಂದರೆ ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದ ಡಿಗ್ರಿ). 'ಎಕ್ಸಿಟ್ ರೌಂಡಬೌಟ್' ಹೆಜ್ಜೆಯಲ್ಲಿ ಹೊರಹೋಗುವ ದಿಕ್ಕು 'ಬೇರಿಂಗ್ ಆಫ್ಟರ್' ಇದೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ, ಸೊನ್ನೆಗಿಂತ ಕಡಿಮೆ ಬಂದರೆ 360 ಕೂಡಿಸಿ. ಸೊನ್ನೆ ಹತ್ತಿರ ಅಥವಾ 360 ಹತ್ತಿರ ಬಂದರೆ ನೇರ. 90ರ ಆಸುಪಾಸು ಬಲ. 270ರ ಆಸುಪಾಸು ಎಡ. 180 ಅಂದರೆ ಬಂದ ದಾರಿಗೆ ವಾಪಸ್. ಉದಾಹರಣೆಗೆ 10 ಡಿಗ್ರಿಯಲ್ಲಿ ಒಳಬಂದು 95ರಲ್ಲಿ ಹೊರಹೋದರೆ 85, ಬಲಕ್ಕೆ.

ಇದು ಹೆಚ್ಚಿನ ಕಡೆ ಸರಿ ಬರುತ್ತದೆ. ಕೈಕೊಡುವುದು ಎಲ್ಲಿ ಅಂದರೆ, ಡಿವೈಡರ್ ರಸ್ತೆ ಸರ್ಕಲ್ ಹತ್ತಿರ ಬಂದಾಗ ಎಡಕ್ಕೆ ಸ್ವಲ್ಪ ಅಗಲವಾಗಿ ಬಾಗುತ್ತದಲ್ಲ, ಆಗ ಕೊನೆಯ ಕೆಲವು ಮೀಟರ್‌ನ ದಿಕ್ಕು ಇಡೀ ರಸ್ತೆಯ ದಿಕ್ಕಿಗಿಂತ ತುಂಬಾ ಬೇರೆ ಇರುತ್ತದೆ. 'ನೇರ' ಅನ್ನಬೇಕಾದ ಕಡೆ 'ಬಲಕ್ಕೆ' ಅಂದುಬಿಡುತ್ತದೆ. ಅದಕ್ಕೇ ಸರ್ವರ್ ಕೊಟ್ಟ ಬೇರಿಂಗ್ ನಂಬದೆ, ದಾರಿಯ ಗೆರೆಯಿಂದಲೇ ಸರ್ಕಲ್‌ಗೆ 40 ಮೀಟರ್ ಹಿಂದಿನ ದಿಕ್ಕು, ದಾಟಿದ ಮೇಲೆ 40 ಮೀಟರ್ ಮುಂದಿನ ದಿಕ್ಕು ತೆಗೆದುಕೊಂಡು ಲೆಕ್ಕ ಹಾಕಿ.

ಹಾರ್ಡಿಂಜ್ ಸರ್ಕಲ್‌ನಂತೆ ಹಲವು ರಸ್ತೆ ಕೂಡುವ ಕಡೆ ಕೋನವೂ ಸಾಲದು. 'ಬಲಕ್ಕೆ' ಅಂದರೆ ಎರಡು ರಸ್ತೆ ಇರಬಹುದು. ಅಲ್ಲಿ ಹೋಗಬೇಕಾದ ರಸ್ತೆಯ ಹೆಸರು ಹೇಳಲೇಬೇಕು. ಹೆಸರಿಲ್ಲದಿದ್ದರೆ ಮಾತ್ರ ಅಂಕಿ, ಅದೂ 'ನಿರ್ಗಮನ' ಅನ್ನದೆ 'ಎಡಗಡೆಯಿಂದ ಎಣಿಸಿ ಮೂರನೇ ರಸ್ತೆ' ಅನ್ನಿ. ನಾವು ಪ್ರದಕ್ಷಿಣೆ ಬರುವುದರಿಂದ ಎಡಗಡೆಯದ್ದೇ ಮೊದಲನೇದು. ಸರ್ಕಲ್ ಹೆಸರು ಸಿಕ್ಕಿದರೆ ಅದನ್ನು ಬಿಡಬೇಡಿ. 'ಕೆ.ಆರ್. ಸರ್ಕಲ್‌ನಲ್ಲಿ ಬಲಕ್ಕೆ' ಅಂದರೆ ಮೈಸೂರಿನ ಡ್ರೈವರ್‌ಗೆ ಇನ್ನೇನೂ ಹೇಳಬೇಕಿಲ್ಲ.

ದಾರಿಹೋಕ_ಮೈಸೂರು:

ಎಕ್ಸ್‌ಟ್ರಾಕ್ಟ್‌ನಿಂದ ಮತ್ತೆ ಓಡಿಸಿದೆ, ಡ್ರೈವಿಂಗ್ ಸೈಡ್ ಈಗ 'ಲೆಫ್ಟ್'. ಹೆಸರಿನ ಪಟ್ಟಿ ಬೇರೆ ಮಾಡಿದ ಮೇಲೆ ಡಬಲ್ ರೋಡ್ ಉದ್ದಕ್ಕೂ ಸದ್ದಿಲ್ಲ, ಕೊನೆಯ ಬಲ ತಿರುವು ಮಾತ್ರ. ಕೋನದ ಲೆಕ್ಕವೂ ಹಾಕಿದೆ, ಸರ್ಕಲ್‌ಗಳು ಸರಿಹೋದವು. ಇನ್ನೊಂದು ಉಳಿದಿದೆ. ತಿರುವಿಗೆ 30 ಮೀಟರ್ ಇರುವಾಗ ಕೊನೆಯ ಸಲ ಹೇಳಿಸುತ್ತಿದ್ದೇನೆ. 'ಜೆ.ಎಲ್.ಬಿ. ರಸ್ತೆಯ ಕಡೆಗೆ ಎಡಕ್ಕೆ ತಿರುಗಿ' ಅಂತ ಮುಗಿಸುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತದೆ.

ಲುವಾಪುರಾಣ:

ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಆ ವಾಕ್ಯಕ್ಕೆ ನಾಲ್ಕು ಸೆಕೆಂಡ್ ಬೇಕು, ಅಷ್ಟರಲ್ಲಿ 44 ಮೀಟರ್ ಹೋಯಿತು. ದೂರ ನೋಡಿ ಮಾತಾಡಿಸಬೇಡಿ, ಸಮಯ ನೋಡಿ ಮಾತಾಡಿಸಿ: ಈಗಿನ ವೇಗದಲ್ಲಿ ತಿರುವಿಗೆ ಏಳೆಂಟು ಸೆಕೆಂಡ್ ಇರುವಾಗ ಶುರುವಾಗಲಿ. ಓಎಸ್‌ಆರ್‌ಎಂ ಯಾವಾಗ ಮಾತಾಡಬೇಕು ಅಂತ ಹೇಳುವುದಿಲ್ಲ, ಅದು ಪೂರ್ತಿ ಆ್ಯಪ್ ಕೆಲಸ. ಓಎಸ್‌ಆರ್‌ಎಂ ಥರದ್ದೇ ಇನ್ನೊಂದು ತಂತ್ರಾಂಶ ವಾಲ್ಹಲ್ಲಾ ಬಳಸಿದರೆ ಮುಂಚಿತವಾಗಿ ಹೇಳುವ ವಾಕ್ಯ, ತಿರುವಿನ ಹತ್ತಿರದ ವಾಕ್ಯ, ತಿರುಗಿದ ಮೇಲಿನ ವಾಕ್ಯ ಅಂತ ಬೇರೆಬೇರೆ ಕೊಡುತ್ತದೆ, ಆದರೆ ಇದೊಂದಕ್ಕೋಸ್ಕರ ಈಗ ಸರ್ವರ್ ಬದಲಿಸುವುದು ಬೇಡ.

ನಕಾಶೆಪ್ರಿಯೆ:

ವಾಕ್ಯವನ್ನೂ ತಿರುಗಿಸಿ. 'ಎಡಕ್ಕೆ ತಿರುಗಿ, ಜೆ.ಎಲ್.ಬಿ. ರಸ್ತೆ.' ಮೊದಲ ಮಾತಿಗೇ ಕೈ ಇಂಡಿಕೇಟರ್‌ಗೆ ಹೋಗುತ್ತದೆ, ಹೆಸರು ಆಮೇಲೆ ಬಂದರೂ ನಡೆಯುತ್ತದೆ. ಹೀಗೆ ಮಾಡಿದರೆ ಹೆಸರಿಗೆ 'ಗೆ', 'ಕ್ಕೆ' ಅಂಟಿಸುವ ತಲೆನೋವೂ ಇಲ್ಲ, ಡೇಟಾದಲ್ಲಿ ಹೆಸರು ಹೇಗಿದೆಯೋ ಹಾಗೇ ಓದಿಸಬಹುದು. ಎರಡು ತಿರುವು ಹತ್ತಿರಹತ್ತಿರ ಇದ್ದರೆ, ಅಂದರೆ ಮೊದಲನೆಯದರ ದೂರ 60–70 ಮೀಟರ್‌ಗಿಂತ ಕಡಿಮೆ ಇದ್ದರೆ, ಹೆಸರು ಬಿಟ್ಟು 'ಎಡಕ್ಕೆ, ತಕ್ಷಣ ಬಲಕ್ಕೆ' ಅಂತ ಒಂದೇ ಉಸಿರಿನಲ್ಲಿ ಹೇಳಿಸಿ.

ಹಳೇಸ್ಟೇರಿಂಗ್:

ಮಳೆಗಾಲದಲ್ಲಿ ಗೂಡ್ಸ್ ಆಟೋ ಒಳಗೆ ಏನೂ ಕೇಳಿಸಲ್ಲ. ಮಾತಿಗೆ ಮುಂಚೆ ಒಂದು ಟಿಣ್ ಅನ್ನುವ ಸದ್ದು ಹಾಕ್ತೀರಾ?

ದಾರಿಹೋಕ_ಮೈಸೂರು:

ಹಾಕ್ತೀನಿ ಅಣ್ಣಾ, ಅದು ಎರಡು ಸಾಲಿನ ಕೆಲಸ. ಸಮಯದ ಲೆಕ್ಕ ಈಗಾಗಲೇ ಸೇರಿಸಿದೆ, ಎಡಕ್ಕೆ ಅನ್ನುವುದು ಮೊದಲು ಬರುವ ಹಾಗೆ ವಾಕ್ಯಗಳನ್ನೂ ಬದಲಿಸಿದೆ. ಗಾಡಿ ನಿಂತಿದ್ದಾಗ ವೇಗ ಸೊನ್ನೆ ಬಂದು ಸಮಯದ ಭಾಗಾಕಾರ ಕೆಟ್ಟಿತು, ಅದಕ್ಕೆ ವೇಗ ಎಷ್ಟೇ ಕಡಿಮೆ ಇದ್ದರೂ ಸೆಕೆಂಡಿಗೆ 3 ಮೀಟರ್ ಅಂತ ಹಿಡಿದಿದ್ದೇನೆ. ಸಿಗ್ನಲ್‌ನಲ್ಲಿ ನಿಂತಾಗಲೂ ಈಗ ಸರಿಯಾಗಿದೆ. ಡಬಲ್ ರೋಡಿನ ಉಳಿದ ತುಂಡುಗಳಿಗೆ ಬೋರ್ಡ್ ನೋಡಿ ಕನ್ನಡ ಹೆಸರು ಹಾಕಿದ್ದೇನೆ, ಮುಂದಿನ ಡೇಟಾದಲ್ಲಿ ಬರುತ್ತದೆ. ಚರ್ಚೆಗೆ 'ಪರಿಹಾರವಾಗಿದೆ' ಅಂತ ಗುರುತು ಹಾಕುತ್ತಿದ್ದೇನೆ.