ಹಬ್ಬದೂಟದಲ್ಲಿ ತುಪ್ಪ ಬೇಡ ಎನ್ನುವುದು ಹೇಗೆ? ಅನುಭವ ಇದ್ದವರು ಹೇಳಿ

ಹಾಲು, ಮೊಸರು, ತುಪ್ಪ, ಜೇನು ಎಲ್ಲವನ್ನೂ ಬಿಟ್ಟು ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿ ನನ್ನ ಅಡುಗೆ ನಾನೇ ಮಾಡಿಕೊಳ್ಳುವುದರಿಂದ ತೊಂದರೆಯಿಲ್ಲ. ಚೌತಿಗೆ ಸಿರ್ಸಿ ಹತ್ತಿರದ ನಮ್ಮ ಮನೆಗೆ, ದೀಪಾವಳಿಗೆ ಕಾರವಾರದಲ್ಲಿರುವ ಹೆಂಡತಿಯ ತವರಿಗೆ ಹೋಗುವುದಿದೆ. ಯುಗಾದಿಯಲ್ಲಿ ಒಮ್ಮೆ ಪ್ರಯತ್ನಿಸಿ ಸೋತಿದ್ದೇನೆ. ಬೇಡ ಬೇಡ ಎನ್ನುತ್ತಿರುವಾಗಲೇ ಅಜ್ಜಿ ಎದ್ದು ಬಂದು ಹೋಳಿಗೆಯ ಮೇಲೆ ತುಪ್ಪ ಸುರಿದರು, ನಾನು ತಿಂದೆ. ಜಗಳವಿಲ್ಲದೆ ದಾಟಿದವರು ಯಾರಾದರೂ ಇದ್ದೀರಾ?

ಸಿದ್ದಾಪುರದ ಕಡೆಯವಳು, ಬಿಟ್ಟು ಆರು ವರ್ಷ

ಮೊದಲ ವರ್ಷ ನಾನೂ ಹೀಗೆಯೇ ಸೋತಿದ್ದೆ. ನಮ್ಮ ಕಡೆಯ ಪಂಕ್ತಿಯಲ್ಲಿ 'ಬೇಡ' ಎಂಬ ಮಾತಿಗೆ ಬೆಲೆಯೇ ಇಲ್ಲ. ಒಂದು ಹೋಳಿಗೆ ಸಾಕು ಎಂದವನ ಎಲೆಗೆ ಮೂರು ಬೀಳುತ್ತವೆ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಬಡಿಸುತ್ತಾರೆ. ತುಪ್ಪದ ಮಿಳ್ಳೆ ಎಲೆಯ ಹತ್ತಿರ ಬಂದಾಗ ನೀವು ಏನು ಹೇಳಿದರೂ ಅದು ಸಂಕೋಚ ಎಂದೇ ಲೆಕ್ಕ. ಆದ್ದರಿಂದ ಮಾತು ಹಿಂದಿನ ದಿನವೇ, ಅಡುಗೆಮನೆಯಲ್ಲಿ, ಕಾಯಿ ತುರಿದುಕೊಡುತ್ತಾ ಆಗಬೇಕು. ಪ್ರಾಣಿಗಳಿಂದ ಬಂದ ಯಾವುದನ್ನೂ ತಿನ್ನದವರಿಗೆ ಹೇಳುವ ವೀಗನ್ ಎಂಬ ಪದವನ್ನು ಅಲ್ಲಿಗೆ ಒಯ್ಯಬೇಡಿ. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ ಅದು. ನಮ್ಮ ಅತ್ತೆಗೆ ಯಾವುದೋ ಗುಳಿಗೆಯ ಹೆಸರಿನಂತೆ ಕೇಳಿಸಿ, ಎಷ್ಟು ದಿನದಿಂದ ಹುಷಾರಿಲ್ಲ ಎಂದು ವಿಚಾರಿಸಿದ್ದರು. 'ಮಜ್ಜಿಗೆ ಸೇರಿಸುವ ಮೊದಲು ನನಗೊಂದು ಸೌಟು ತೆಗೆದಿಡಿ' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ನಿಜವಾಗಿ ನೋಡಿದರೆ ನಮ್ಮ ಹಬ್ಬದಡುಗೆಯಲ್ಲಿ ಕೈಬಿಡಬೇಕಾದದ್ದು ಕಡಿಮೆ. ಮಾವಿನಕಾಯಿಯ ತೆಳ್ಳನೆಯ ಸಾರು ಅಪ್ಪೆಹುಳಿಗೆ ಹಾಲಿನ ಸೋಂಕೇ ಇಲ್ಲ. ಒಗ್ಗರಣೆ ಹೇಗೂ ಕೊಬ್ಬರಿ ಎಣ್ಣೆಯದು. ಒಂದೆಲಗದ ತಂಬುಳಿ, ಹಸಿ ಪಚಡಿಯಂಥ ಸೌತೆಕಾಯಿ ಹಶಿ, ಸಾಸಿವೆ ಅರೆದು ಮಾಡುವ 'ಸಾಸಿವೆ' ಇವಕ್ಕೆಲ್ಲ ಕಾಯಿ ಬೀಸಿದ ಮೇಲೆಯೇ ಮಜ್ಜಿಗೆಯೋ ಮೊಸರೋ ಸೇರುವುದು. ಅಷ್ಟರೊಳಗೆ ನಿಮ್ಮ ಪಾಲನ್ನು ಬೇರೆ ಬಟ್ಟಲಿಗೆ ತೆಗೆದು ಮುರುಗಲ (ಕೋಕಂ) ನೀರಿನಿಂದ ಹುಳಿ ಮಾಡಿಕೊಂಡರೆ ಆಯಿತು. ಬಾಳೆಹಣ್ಣಿನ ರಸಾಯನವನ್ನು ಕಾಯಿಹಾಲಿನಲ್ಲೇ ಮಾಡುತ್ತಾರೆ. ಕಡಲೆಬೇಳೆ ಪಾಯಸವೂ ಹಾಗೆಯೇ, ಮೇಲೆ ಹಾಕುವ ಗೋಡಂಬಿಯನ್ನು ಯಾವುದರಲ್ಲಿ ಹುರಿದರು ಎಂದಷ್ಟೇ ಕೇಳಿಕೊಳ್ಳಿ. ಪಂಚಕಜ್ಜಾಯದಲ್ಲಿ ಮಾತ್ರ ತುಪ್ಪ, ಜೇನು ಎರಡೂ ಇರುವ ಸಾಧ್ಯತೆ ಹೆಚ್ಚು. ಚೌತಿಗೆ ನಾಲ್ಕು ದಿನ ಮೊದಲೇ ಹೋಗಲು ಸಾಧ್ಯವಾದರೆ ನೆರೆಹೊರೆಯವರೆಲ್ಲ ಸೇರಿ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳಕ್ಕೆ ಕುಳಿತುಕೊಳ್ಳಿ. ಹಿಟ್ಟಿಗೆ ಬೆಣ್ಣೆ ಬೀಳುವುದು ಅಲ್ಲಿಯೇ. ಒಂದು ಮುದ್ದೆಯನ್ನು ಕಾಯಿಸಿದ ಎಣ್ಣೆ ಹಾಕಿ ಕಲಸಲು ಹೇಳಿ, ಅದನ್ನು ನೀವೇ ಹೊಸೆದು ಸುತ್ತಿ. ನಾನು ಸುತ್ತಿದವು ಮೊದಲ ವರ್ಷ ಎರೆಹುಳುವಿನಂತಿದ್ದವು. ನೆರೆಮನೆಯವರು ನಕ್ಕ ನಗೆಯಲ್ಲಿ ಬೆಣ್ಣೆ ಯಾಕಿಲ್ಲ ಎಂದು ಕೇಳುವುದನ್ನೇ ಮರೆತರು.

ತುಪ್ಪದ ವಿಷಯಕ್ಕೆ ಬರುತ್ತೇನೆ. ಬರೀ ಅನ್ನ ಎಲೆಯ ಮೇಲೆ ಇರುವುದನ್ನು ಅತ್ತೆಗೆ ನೋಡಲು ಆಗುತ್ತಿರಲಿಲ್ಲ, ಅಶುಭ ಎನ್ನಿಸುತ್ತಿತ್ತು. ಎರಡನೇ ವರ್ಷ ಅವರೇ ಅಟ್ಟದಿಂದ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇಳಿಸಿದರು. ಒಳಗೆ ಮೇಣದಂತೆ ಗಟ್ಟಿಯಾದ ಉಪ್ಪಾಗೆ ತುಪ್ಪ. ಮಳೆಗಾಲದಲ್ಲಿ ಉದುರಿದ ಉಪ್ಪಾಗೆ ಹಣ್ಣಿನ ಬೀಜ ಒಣಗಿಸಿ, ಕುಟ್ಟಿ, ಕುದಿಸಿ ತೆಗೆಯುವ ಜಿಡ್ಡು. ಅವರ ಅಮ್ಮ ದೋಸೆಗೆ ಅದನ್ನೇ ಹಾಕುತ್ತಿದ್ದರಂತೆ. ಚಮಚದಿಂದ ಕೆರೆದು, ಸೌಟಿನಲ್ಲಿ ಕರಗಿಸಿ, ಎಲ್ಲರಿಗೂ ತುಪ್ಪ ಬಡಿಸಿ ಬಂದ ಮೇಲೆ ನನ್ನ ಎಲೆಗೆ ಅದನ್ನು ಹನಿಸಿ, 'ಇದೂ ತುಪ್ಪವೇ, ಇನ್ನು ಮಾತಾಡಬೇಡ' ಎಂದರು. ಅನ್ನ ಹಬೆಯಾಡುತ್ತಿರುವಾಗಲೇ ತಿನ್ನಬೇಕು. ಆರಿದರೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ.

ಇನ್ನು ಕೊಟ್ಟಿಗೆ. ದೊಡ್ಡಹಬ್ಬದ (ದೀಪಾವಳಿಯ) ದಿನ ಆಕಳ ಕೊರಳಿಗೆ ಅಡಿಕೆ ಮಾಲೆ ಕಟ್ಟುವ ಅಪ್ಪ, 'ಇದಕ್ಕೆ ನಾನು ಮಾಡಿದ ಅನ್ಯಾಯವೇನು?' ಎಂದು ಕೇಳಿದಾಗ ನಾನು ಓದಿಕೊಂಡಿದ್ದ ಯಾವ ವಾದವೂ ಬಾಯಿಗೆ ಬರಲಿಲ್ಲ. ಈಗ ವಾದಿಸುವುದನ್ನೇ ಬಿಟ್ಟಿದ್ದೇನೆ. ಗೋಪೂಜೆಯ ಬೆಳಿಗ್ಗೆ ಆಕಳನ್ನು ಮೀಯಿಸಲು ಮೊದಲು ಏಳುವವಳು ನಾನೇ.

ಕಾರವಾರದವನು

ಹೆಂಡತಿಯ ತವರಿನ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ಕೊಂಕಣಿಯವರ ಬಾಯಲ್ಲಿ 'ಶಿವರಾಕ್' ಎಂದರೆ ಮೀನು, ಮಾಂಸ ಇಲ್ಲ ಎಂದಷ್ಟೇ ಅರ್ಥ. ಹಾಲು, ತುಪ್ಪ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಹಬ್ಬದ ದಿನದ ಅಡುಗೆ ಸುಲಭ. ನರಕ ಚತುರ್ದಶಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ನಾಲ್ಕೈದು ಬಗೆಯ ಅವಲಕ್ಕಿ ಮಾಡುತ್ತಾರೆ. ಮೊಸರಿನದನ್ನು ಬಿಟ್ಟು ಬೆಲ್ಲದ್ದು, ಕಾಯಿಹಾಲಿನದ್ದು, ಒಗ್ಗರಣೆಯದ್ದು ಹೊಟ್ಟೆತುಂಬ ತಿನ್ನಿ. ಹಲವು ತರಕಾರಿಗಳ ಖತಖತೆ, ಮುರುಗಲು ಮತ್ತು ಕಾಯಿಹಾಲಿನ ಸೋಲ್‌ಕಡಿ ಎರಡೂ ಕಣ್ಣು ಮುಚ್ಚಿ ತಿನ್ನಬಹುದಾದವು.

ಕಷ್ಟ ಹಬ್ಬದ ಮರುದಿನದ್ದು. ಹಬ್ಬವೆಂದು ತಡೆದುಕೊಂಡಿದ್ದವರೆಲ್ಲ ಬೆಳಿಗ್ಗೆಯೇ ಮೀನುಪೇಟೆಗೆ ಓಡುತ್ತಾರೆ. ರವೆ ಮೆತ್ತಿದ ಬಂಗಡೆ ಕರಿದ ಎಣ್ಣೆಯಲ್ಲೇ ನಿಮ್ಮ ಬದನೆಕಾಯಿ ಹೋಳೂ ಕರಿಯಲ್ಪಡುತ್ತದೆ. ಬರೀ ತರಕಾರಿ ಎಂದು ಬಡಿಸಿದ ಪಲ್ಯದಲ್ಲಿ ನನಗೆ ಎರಡು ಸಲ ಒಣ ಸಿಗಡಿ ಸಿಕ್ಕಿದೆ. ಮೋಸವೇನಲ್ಲ, ಅವರ ಕಣ್ಣಿಗೆ ಅದು ಕೊತ್ತಂಬರಿ ಸೊಪ್ಪಿನ ಹಾಗೆ. ನಾನು ಆ ದಿನ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಎಂದು ಮೊದಲೇ ಘೋಷಿಸಿಬಿಡುತ್ತೇನೆ. ಅಳಿಯನಿಗೆ ಗಂಜಿಯೇ ಎಂದು ಅತ್ತೆ ಮುಖ ಸಣ್ಣ ಮಾಡಿದರು, ಮೂರು ವರ್ಷ. ನಾಲ್ಕನೇ ವರ್ಷ ಮಾವನೂ ಗಂಜಿ ಕೇಳಿದರು, ಅವರಿಗೆ ಕೊಲೆಸ್ಟರಾಲ್ ಬಂದಿತ್ತು.

ಕುಮಟಾ, ಅಡುಗೆ ಮಾಡುವವಳ ಕಡೆಯಿಂದ

ನೀವೆಲ್ಲ ತಿನ್ನುವವರ ಕಷ್ಟ ಹೇಳುತ್ತಿದ್ದೀರಿ. ಹದಿನೆಂಟು ಜನರ ಅಡುಗೆ ಮಾಡುವಾಗ ಹತ್ತೊಂಬತ್ತನೆಯವನಿಗೆ ಬೇರೆ ಪಾತ್ರೆ ಇಡುವವಳು ನಾನು. ನನ್ನ ತಂಗಿಯ ಮಗ ಕಳೆದ ವರ್ಷ ಊಟದ ನಡುವೆ ಮೊಬೈಲ್ ತೆಗೆದು, ಡೇರಿಗಳಲ್ಲಿ ಕರುಗಳಿಗೆ ಏನು ಮಾಡುತ್ತಾರೆ ಎಂದು ಎಲ್ಲರಿಗೂ ತೋರಿಸಿದ. ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಪಾಯಸ ಬಾಯಲ್ಲಿಟ್ಟವರ ಮುಂದೆ ತೋರಿಸಿದರೆ ಯಾರು ಬದಲಾಗುತ್ತಾರೆ? ಅವನಿಗೆಂದೇ ತುಪ್ಪವಿಲ್ಲದ ಮಡಗಣೆ (ಕಡಲೆಬೇಳೆ ಪಾಯಸ) ಮಾಡಿದ್ದೆ. ಎರಡನೇ ಕಾಯಿಹಾಲಿನಲ್ಲಿ ಬೆಲ್ಲ, ಬೇಳೆ ಕುದ್ದ ಮೇಲೆ ಮೊದಲ ಹಾಲು ಹಾಕಿ, ಕುದಿ ಬರುವ ಮೊದಲೇ ಇಳಿಸು ಎಂದು ಹೇಳಿ ಅವನನ್ನೇ ಒಲೆಯ ಮುಂದೆ ನಿಲ್ಲಿಸಿದೆ. ಮೊಬೈಲ್ ನೋಡುತ್ತಾ ಕುದಿಸಿದ, ಒಡೆಯಿತು. ಒಡೆದದ್ದನ್ನೇ ತಿಂದ. ಬರುವವರು ಎರಡು ಕಾಯಿ ತುರಿದು ಹಾಲು ಹಿಂಡಿಕೊಟ್ಟರೆ ನನ್ನ ತಕರಾರಿಲ್ಲ.

ಹೊನ್ನಾವರ

ಊಟದ ಮಾತಲ್ಲ, ಆದರೂ ಹೇಳಿಬಿಡುತ್ತೇನೆ. ಮೂರನೇ ವರ್ಷ ನನಗೆ ಕೈಕಾಲು ಜುಮುಗುಟ್ಟಲು ಶುರುವಾಯಿತು, ರಕ್ತಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಸೊಪ್ಪು ತರಕಾರಿಯಿಂದ ಅದು ಸಿಗುವುದಿಲ್ಲ, ಮಾತ್ರೆ ತೆಗೆದುಕೊಳ್ಳಲೇಬೇಕು. ಹಬ್ಬದ ಮನೆಯಲ್ಲಿ ನೀವು ಸೊರಗಿದಂತೆ ಕಂಡರೆ ನಿಮ್ಮ ಪಥ್ಯಕ್ಕೆ ಅಲ್ಲಿಗೇ ಮಂಗಳ ಹಾಡುತ್ತಾರೆ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಧನ್ಯವಾದ. ಪಂಚಾಮೃತ, ತೀರ್ಥಕ್ಕೆ ಏನು ಮಾಡುತ್ತೀರಿ?

ಸಿದ್ದಾಪುರದ ಕಡೆಯವಳು

ಅಂಗೈಯಲ್ಲಿ ಬಿದ್ದ ಒಂದು ಉದ್ಧರಣೆಯನ್ನು ನಾನು ಕುಡಿಯುತ್ತೇನೆ. ವ್ರತಭಂಗ ಎನ್ನುವವರು ಎನ್ನಲಿ.

ಕಾರವಾರದವನು

ನಾನು ಕುಡಿಯುವುದಿಲ್ಲ. ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಳ್ಳುತ್ತೇನೆ, ಭಟ್ಟರೂ ಏನೂ ಅನ್ನುವುದಿಲ್ಲ. ಆ ಮೇಲೆ ತಲೆಗೆ ಇರುವೆ ಹತ್ತುತ್ತದೆ, ಅದು ಬೇರೆ ಮಾತು.

ಪ್ರಶ್ನೆ ಕೇಳಿದವನು

ಇವತ್ತು ಅಜ್ಜಿಗೆ ಫೋನ್ ಮಾಡಿ ಮನೆಯಲ್ಲಿ ಉಪ್ಪಾಗೆ ತುಪ್ಪವಿದೆಯೇ ಎಂದು ಕೇಳಿದೆ. ಅದಿಲ್ಲ, ಮುರುಗಲ ತುಪ್ಪವಿದೆ, ಯಾರ ಹಿಮ್ಮಡಿ ಒಡೆದಿದೆ ಎಂದು ಕೇಳಿದರು.