ಸಿಎಲ್ಎಗೆ ಸಹಿ ಹಾಕಲೋ ಬೇಡವೋ? ಹಾಕಿದವರು, ಹಾಕದವರು ಹೇಳಿ

ಕೇಳಿದವರು:
ವರದಿ ತಯಾರಿಸುವ ಒಂದು ಓಪನ್ ಸೋರ್ಸ್ ತಂತ್ರಾಂಶ ಬಳಸುತ್ತೇನೆ. ಅದರಲ್ಲಿ ಪಿಡಿಎಫ್ ತೆಗೆದರೆ ಕನ್ನಡದ ಒತ್ತಕ್ಷರಗಳು ಒಡೆದು ಬರುತ್ತಿದ್ದವು. ಮೂರು ಭಾನುವಾರ ಕೂತು ಸರಿಮಾಡಿ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದೆ. ತಕ್ಷಣ ಬಾಟ್‌ನಿಂದ ತಾನಾಗಿ ಉತ್ತರ ಬಂತು. ಸಿಎಲ್ಎಗೆ, ಅಂದರೆ ಕೊಡುಗೆದಾರರ ಕರಾರಿಗೆ, ಸಹಿ ಹಾಕದಿದ್ದರೆ ಮರ್ಜ್ ಮಾಡುವುದಿಲ್ಲವಂತೆ, ಅಂದರೆ ಸೇರಿಸಿಕೊಳ್ಳುವುದಿಲ್ಲವಂತೆ. ಪ್ರಾಜೆಕ್ಟ್ ಒಂದೇ ಕಂಪನಿಯ ಕೈಯಲ್ಲಿದೆ, ಲೈಸೆನ್ಸ್ ಎಜಿಪಿಎಲ್. ನಾನು ಬೇರೊಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಸಹಿ ಹಾಕಿದರೆ ಏನು ಕೊಟ್ಟಂತಾಗುತ್ತದೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ:
ನಾನು ಸಹಿ ಹಾಕಿ ನೊಂದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕರಾರು ಎರಡು ಬಗೆ. ಒಂದರಲ್ಲಿ ಹಕ್ಕುಸ್ವಾಮ್ಯವನ್ನೇ ಬರೆದುಕೊಡುತ್ತೀರಿ, ಜಮೀನಿನ ಕ್ರಯಪತ್ರದ ಹಾಗೆ. ಇನ್ನೊಂದರಲ್ಲಿ ಹಕ್ಕು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಬಳಸಲು ಮತ್ತು ಹಂಚಲು ಕಂಪನಿಗೆ ಅನುಮತಿ ಕೊಡುತ್ತೀರಿ. ಎರಡನೆಯದು ಹಗುರ ಅನ್ನಿಸುತ್ತದೆ. ಆದರೆ ಅದರಲ್ಲಿ "ಬೇರೆ ಯಾವುದೇ ಲೈಸೆನ್ಸ್‌ನಲ್ಲಿ ಕೊಡಬಹುದು" ಎಂಬ ಮಾತಿದ್ದರೆ ಕೊನೆಗೆ ಆಗುವುದು ಹೆಚ್ಚುಕಡಿಮೆ ಒಂದೇ.

ಎಜಿಪಿಎಲ್‌ನಲ್ಲಿ ಕೋಡ್ ಬದಲಿಸಿ ನೆಟ್‌ವರ್ಕ್ ಮೇಲೆ ಸೇವೆಯಾಗಿ ಕೊಟ್ಟರೆ, ಬಳಸುವವರಿಗೆ ಆ ಸೋರ್ಸ್ ಕೊಡಬೇಕು. ನನಗೂ ಅದೇ ನಿಯಮ, ನಿಮಗೂ ಅದೇ. ಸಿಎಲ್ಎ ಕೈಯಲ್ಲಿರುವ ಕಂಪನಿಗೆ ಮಾತ್ರ ಆ ನಿಯಮ ಅಂಟುವುದಿಲ್ಲ. ನಮ್ಮ ಕೋಡನ್ನು ಅದು ಮುಚ್ಚಿದ ಆವೃತ್ತಿಯಲ್ಲಿ ಮಾರಬಹುದು. ಲೈಸೆನ್ಸನ್ನೇ ಬದಲಿಸಲೂಬಹುದು. 2018ರ ಅಕ್ಟೋಬರ್‌ನಲ್ಲಿ ಮೊಂಗೋಡಿಬಿ ಎಂಬ ಡೇಟಾಬೇಸ್ ಕಂಪನಿ ಎಜಿಪಿಎಲ್ ಬಿಟ್ಟು ಎಸ್ಎಸ್‌ಪಿಎಲ್ ಎಂಬ ತನ್ನದೇ ಬಿಗಿಯಾದ ಲೈಸೆನ್ಸ್‌ಗೆ ಹೋಯಿತು. ಕೊಡುಗೆ ಕೊಟ್ಟ ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಗೆ ಕೇಳುವ ಗೋಜು ಬೀಳಲಿಲ್ಲ, ಏಕೆಂದರೆ ಆ ಹಕ್ಕು ಕರಾರಿನ ಮೂಲಕ ಮೊದಲೇ ಅವರ ಕೈಗೆ ಬಂದಿತ್ತು.

ನನ್ನದೂ ಇಂಥದ್ದೇ ಕತೆ, ಆದರೆ ಚಿಕ್ಕ ಕಂಪನಿ. ಎರಡು ವರ್ಷ ರಾತ್ರಿ ಊಟ ಆದಮೇಲೆ ಕೂತು ಪ್ಲಗಿನ್ ಬರೆದೆ. ಹೊಸಬರ ಪ್ರಶ್ನೆಗೆಲ್ಲ ಉತ್ತರಿಸಿದೆ. ಒಂದು ದಿನ ಲೈಸೆನ್ಸ್ ಬದಲಾಯಿತು. ನಾನು ಬರೆದ ಭಾಗ ಮುಂದೆ ಬೆಳೆದದ್ದು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ಆವೃತ್ತಿಯಲ್ಲಿ. ಕಾನೂನಿನ ಪ್ರಕಾರ ಅವರದು ತಪ್ಪಿಲ್ಲ, ನಾನೇ ಸಹಿ ಹಾಕಿದ್ದೆ. ಆದರೂ ತುಂಬಾ ಬೇಜಾರಾಯಿತು. ಹಳೆಯ ಆವೃತ್ತಿ ಇನ್ನೂ ಮುಕ್ತವಾಗಿದೆ ಅನ್ನುವುದೊಂದೇ ಸಮಾಧಾನ. ಬಿಟ್ಟ ಕೋಡನ್ನು ವಾಪಸ್ ಮುಚ್ಚಲು ಅವರಿಗೂ ಆಗುವುದಿಲ್ಲ.

ಇನ್ನೊಬ್ಬರು:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಎಲ್ಲಾ ತಪ್ಪನ್ನೂ ಸಿಎಲ್ಎ ಮೇಲೆ ಹಾಕಬೇಡಿ. ಲೈಸೆನ್ಸ್ ಕೂಡ ನೋಡಿ. ರೆಡಿಸ್ ಎಂಬ ಡೇಟಾಬೇಸ್ ಇದ್ದದ್ದು ಬಿಎಸ್‌ಡಿ ಲೈಸೆನ್ಸ್‌ನಲ್ಲಿ. ಯಾರು ಬೇಕಾದರೂ ಆ ಕೋಡನ್ನು ತಮ್ಮ ಮುಚ್ಚಿದ ಉತ್ಪನ್ನದಲ್ಲಿ ಸೇರಿಸಬಹುದು, ಅದಕ್ಕೆ ಸಿಎಲ್ಎ ಬೇಕೇ ಇಲ್ಲ. 2024ರ ಮಾರ್ಚ್‌ನಲ್ಲಿ ಲೈಸೆನ್ಸ್ ಬದಲಾದಾಗ ಕೊಡುಗೆದಾರರು 7.2.4 ಆವೃತ್ತಿಯಿಂದ ಕವಲೊಡೆದು, ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಬೇರೆ ಪ್ರಾಜೆಕ್ಟ್ ಶುರುಮಾಡಿದರು. 2025ರಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಆಯ್ಕೆಯೂ ಬಂತು.

ನಮ್ಮ ತಂಡಕ್ಕೆ ಪೆಟ್ಟು ಬಿದ್ದದ್ದು ಸರ್ವರ್ ವ್ಯವಸ್ಥೆಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್ ತಂತ್ರಾಂಶದಿಂದ. 2023ರ ಆಗಸ್ಟ್‌ನಲ್ಲಿ ಅದರ ಕಂಪನಿ ಹ್ಯಾಶಿಕಾರ್ಪ್ ಅದನ್ನು ಎಂಪಿಎಲ್ ಎಂಬ ಮುಕ್ತ ಲೈಸೆನ್ಸ್‌ನಿಂದ ಬಿಎಸ್ಎಲ್ ಎಂಬ ನಿರ್ಬಂಧದ ಲೈಸೆನ್ಸ್‌ಗೆ ಬದಲಿಸಿತು. ಬೇರೆಯವರು ಬರೆದ ಎಂಪಿಎಲ್ ಕೋಡಿನ ಲೈಸೆನ್ಸನ್ನು ಹಾಗೆ ಸುಮ್ನೆ ಬದಲಿಸಲು ಆಗುವುದಿಲ್ಲ, ಅಲ್ಲಿ ಸಿಎಲ್ಎ ಕೆಲಸಕ್ಕೆ ಬಂತು. ಆಮೇಲೆ ಟೆರಾಫಾರ್ಮ್‌ನ ಮುಕ್ತ ಕವಲಾಗಿ ಓಪನ್‌ಟೋಫು ಹುಟ್ಟಿತು. ಅಲ್ಲಿ ಕೇಳುವುದು ಡಿಸಿಒ, ಅಂದರೆ ಕೋಡಿನ ಮೂಲದ ಬಗ್ಗೆ ಒಂದು ಘೋಷಣೆ, ಮಾತ್ರ. ಕಮಿಟ್ (ಕೋಡ್ ಬದಲಾವಣೆಯ ದಾಖಲೆ) ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು: ಇದು ನನ್ನ ಕೆಲಸ ಅಥವಾ ಕೊಡಲು ನನಗೆ ಹಕ್ಕಿದೆ, ಪ್ರಾಜೆಕ್ಟಿನ ಲೈಸೆನ್ಸ್‌ನಲ್ಲೇ ಕೊಡುತ್ತಿದ್ದೇನೆ ಎಂದು ಅರ್ಥ. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಇದೇ ಪದ್ಧತಿ. ಗಿಟ್‌ಲ್ಯಾಬ್ ಕಂಪನಿಯೇ ಆಗಿದ್ದರೂ 2017ರಲ್ಲಿ ಸಿಎಲ್ಎ ಬಿಟ್ಟು ಇದಕ್ಕೆ ಬಂತು. ಹಾಗಾಗಿ "ಸಿಎಲ್ಎ ಇಲ್ಲದೆ ವ್ಯವಹಾರ ಮಾಡೋಕಾಗಲ್ಲ" ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಮತ್ತೊಬ್ಬರು:
ನಾನು ಅಪಾಚೆ ಫೌಂಡೇಶನ್‌ನ ಕರಾರಿಗೆ ಸಹಿ ಹಾಕಿದ್ದೇನೆ, ಯಾವ ಅಳುಕೂ ಇಲ್ಲದೆ. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ, ನಾಳೆ ಯಾರೋ ಅದರ ಷೇರು ಕೊಂಡು ಮಾಲೀಕರಾಗಲು ಆಗುವುದಿಲ್ಲ. ಕಂಪನಿ ಹಾಗಲ್ಲ. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಾಗ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶ ಕೂಡ ಜೊತೆಗೇ ಹೋಯಿತು. ಅದೇ ವರ್ಷ ಕೊಡುಗೆದಾರರು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಹಕ್ಕುಸ್ವಾಮ್ಯ ಬರೆದುಕೊಡಿ ಎಂದು ಅಲ್ಲಿ ಕೇಳುವುದಿಲ್ಲ. ಇವತ್ತಿನ ಮಾಲೀಕರು ಒಳ್ಳೆಯವರು ಅನ್ನುವುದು ಸಾಲದು. ಕಾಗದದಲ್ಲಿ ಏನಿದೆ ಅನ್ನುವುದೇ ಮುಖ್ಯ.

ಕಂಪನಿ ತನ್ನನ್ನು ತಾನೇ ಕಟ್ಟಿಹಾಕಿಕೊಂಡ ಉದಾಹರಣೆಯೂ ಇದೆ. ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಕೆಡಿಇಯವರು, ತಾವು ಬಳಸುವ ಕ್ಯೂಟಿ ಎಂಬ ಲೈಬ್ರರಿಯ ಬಗ್ಗೆ ಅದರ ಕಂಪನಿಯಿಂದ 1998ರಲ್ಲೇ ಒಪ್ಪಂದ ಮಾಡಿಸಿಕೊಂಡರು. ಕಂಪನಿ ಮುಕ್ತ ಆವೃತ್ತಿ ಬಿಡುವುದನ್ನು ನಿಲ್ಲಿಸಿದರೆ, ಅದನ್ನು ಬಿಎಸ್‌ಡಿ ಮಾದರಿಯ ಲೈಸೆನ್ಸ್‌ನಲ್ಲಿ ಬಿಡುವ ಹಕ್ಕು ಇದಕ್ಕೆಂದೇ ಕಟ್ಟಿದ ಫೌಂಡೇಶನ್‌ಗೆ ಸಿಗುತ್ತದೆ. ಕ್ಯೂಟಿ ಕೈಯಿಂದ ಕೈಗೆ ಮಾರಾಟವಾದರೂ ಒಪ್ಪಂದ ಉಳಿದಿದೆ. ನಿಮ್ಮ ಕಂಪನಿಯವರನ್ನೂ ಕೇಳಿ: ನಾವು ಕೊಟ್ಟದ್ದನ್ನು ಯಾವಾಗಲೂ ಮುಕ್ತ ಲೈಸೆನ್ಸ್‌ನಲ್ಲೂ ಕೊಡುತ್ತೇವೆ ಎಂದು ಕರಾರಿನಲ್ಲೇ ಬರೆಯುತ್ತೀರಾ? ಕೆಲವು ಕರಾರುಗಳಲ್ಲಿ ಈ ಮಾತು ಇರುತ್ತದೆ.

ಉತ್ತರ:
ಒಂದು ವಿಷಯ ಯಾರೂ ಹೇಳಲಿಲ್ಲ. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಕೆಲಸವಾಗಿ ಬರೆದದ್ದರ ಮೊದಲ ಮಾಲೀಕರು ಕೆಲಸ ಕೊಟ್ಟವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಭಾನುವಾರ ಮನೆಯಲ್ಲಿ ಬರೆದದ್ದು ಇದರಲ್ಲಿ ಬರುವುದಿಲ್ಲ ಅನ್ನಬಹುದು. ಆದರೆ ಕೆಲವು ನೇಮಕಾತಿ ಪತ್ರಗಳು ಬಿಡುವಿನಲ್ಲಿ ಬರೆದದ್ದೂ ನಮ್ಮದೇ ಅನ್ನುತ್ತವೆ. ಸಿಎಲ್ಎಯಲ್ಲಿ "ಇದನ್ನು ಕೊಡಲು ನನಗೆ ಹಕ್ಕಿದೆ" ಎಂದು ನೀವು ಮಾತು ಕೊಡುತ್ತೀರಿ. ಆ ಮಾತು ಸುಳ್ಳಾದರೆ ಸಿಕ್ಕಿಬೀಳುವವರು ನೀವು. ನಾನು ಎಚ್‌ಆರ್‌ಗೆ ಮೇಲ್ ಹಾಕಿ, ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಸಹಿ ಹಾಕಿದ್ದು. ಹತ್ತು ದಿನ ಹಿಡಿಯಿತು.

ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದು 5 ವರ್ಷ ಮಾತ್ರ. ಆದರೆ ಈ ಕರಾರುಗಳಲ್ಲಿ ಸಾಮಾನ್ಯವಾಗಿ ಶಾಶ್ವತ ಎಂದೇ ಬರೆದಿರುತ್ತದೆ. ಆ ಆಸರೆ ನೆಚ್ಚಿಕೊಳ್ಳಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಕರಾರು ಪೂರ್ತಿ ಓದಿದೆ. "ಬೇರೆ ಯಾವುದೇ ಲೈಸೆನ್ಸ್" ಎಂಬ ಮಾತು ಅದರಲ್ಲಿದೆ, ಮುಕ್ತವಾಗಿಯೂ ಇಡುತ್ತೇವೆ ಎಂಬ ಮಾತಿಲ್ಲ. ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಅವರು ಒಪ್ಪಿದರೆ, ಒತ್ತಕ್ಷರ ಜೋಡಿಸುವ ಭಾಗವನ್ನು ಬೇರೆ ಮಾಡಿ ಒಂದು ಚಿಕ್ಕ ಲೈಬ್ರರಿಯಾಗಿ ನನ್ನ ಹೆಸರಿನಲ್ಲೇ ಬಿಡುತ್ತೇನೆ. ಆಗ ಆ ಕಂಪನಿಯೂ ಬಳಸಲಿ, ಎಲ್ಲರಿಗೂ ಇರುವ ನಿಯಮದಲ್ಲೇ. ಪುಲ್ ರಿಕ್ವೆಸ್ಟ್‌ನಲ್ಲಿ ಉಳಿಯುವುದು ಅದನ್ನು ಕರೆಯುವ ನಾಲ್ಕೈದು ಸಾಲು. ಅಷ್ಟಕ್ಕೆ ಸಹಿ ಹಾಕಲು ನನಗೆ ಬೇಜಾರಿಲ್ಲ. ಲೈಬ್ರರಿಗೆ ಯಾವ ಲೈಸೆನ್ಸ್ ಹಾಕಲಿ? ಎಂಪಿಎಲ್ ಸರಿ ಹೋಗುತ್ತದಾ?