ಹಳೆಯ ಅಲಗಿಗೆ 1938ರ ಹದ್ದು: ಈ ಜರ್ಮನ್ ನೌಕಾ ಕಠಾರಿ ಅಸಲಿಯೆ?

ಪ್ರಶ್ನೆ

ಹರಾಜಿನಲ್ಲಿ ಕೊಂಡ ಜರ್ಮನ್ ನೌಕಾ ಅಧಿಕಾರಿಯ ಕಠಾರಿಯೊಂದರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಹಿಡಿಯ ತುದಿಗೆ ತಿರುಪಿ ಕೂರಿಸುವ ಲೋಹದ ಗುಬುಟು, ಅಂದರೆ ಪೊಮೆಲ್, 1938ರ ಮಾದರಿಯದು, ಅಂದರೆ ರೆಕ್ಕೆ ಮಡಚಿ ಕುಳಿತ ಹದ್ದು. ಆದರೆ ಅಲಗಿನ ಬುಡದಲ್ಲಿರುವುದು ಅಲಗುಗಳಿಗೆ ಹೆಸರಾದ ಜರ್ಮನ್ ಪಟ್ಟಣ ಸೋಲಿಂಗೆನ್‌ನ ಡಬ್ಲ್ಯುಕೆಸಿ ಕಾರ್ಖಾನೆಯ ಹಳೆಯ ಮುದ್ರೆ: ರಾಜನ ತಲೆ, ಅದರ ಪಕ್ಕದಲ್ಲಿ ಶಿರಸ್ತ್ರಾಣ ತೊಟ್ಟ ಯೋಧನ ತಲೆ. 1930ರ ದಶಕದ ಕೊನೆಯ ಅಲಗುಗಳಲ್ಲಿ ನಾನು ಕಂಡಿರುವುದು ಯೋಧನ ತಲೆಯನ್ನು ಮಾತ್ರ. ಹಿಡಿ ಬಿಳಿಯ ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಪ್ಲಾಸ್ಟಿಕ್), ಸುತ್ತಲೂ ತಂತಿ. ಒರೆ ಸುತ್ತಿಗೆ ಪೆಟ್ಟಿನ ವಿನ್ಯಾಸದ ಹಿತ್ತಾಳೆ. ನನಗಿಂತ ಹಿರಿಯ ಸಂಗ್ರಾಹಕರೊಬ್ಬರು ಕೈಗೆತ್ತಿಕೊಂಡ ಅರ್ಧ ನಿಮಿಷದಲ್ಲೇ ‘ಎರಡು ಕಾಲದ ಭಾಗಗಳನ್ನು ಕೂಡಿಸಿದ ನಕಲಿ’ ಎಂದು ಕೆಳಗಿಟ್ಟರು. ಕಾಲ ಬೇರೆಯಾದ ಮಾತ್ರಕ್ಕೆ ಕಠಾರಿ ನಕಲಿಯಾಗುತ್ತದೆಯೆ?

ಉತ್ತರ 1

ಆಗುವುದಿಲ್ಲ. ನೌಕಾ ಕಠಾರಿಯ ವಿಷಯದಲ್ಲಂತೂ ಅರ್ಧ ನಿಮಿಷದ ತೀರ್ಪನ್ನು ನಾನು ಒಪ್ಪುವುದೇ ಇಲ್ಲ. ಚಕ್ರವರ್ತಿಯ ಕಾಲದ ಕಠಾರಿಗಳ ತುದಿಯಲ್ಲಿ ಕಿರೀಟವಿತ್ತು. 1918ರ ನವೆಂಬರಿನಲ್ಲಿ ರಾಜಪ್ರಭುತ್ವ ಬಿದ್ದುಹೋದ ಮೇಲೆ ಆ ಕಿರೀಟಕ್ಕೆ ಅರ್ಥವಿರಲಿಲ್ಲ. ಅದರ ಜಾಗಕ್ಕೆ ಜ್ವಾಲೆಯ ಆಕಾರದ ಗುಂಡು ಬಂತು. 1938ರಲ್ಲಿ ಜ್ವಾಲೆಯೂ ಹೋಗಿ, ಸ್ವಸ್ತಿಕವನ್ನು ಹಿಡಿದ ಹದ್ದು ಕುಳಿತಿತು. ಅಧಿಕಾರಿಗಳು ಕಠಾರಿಯನ್ನು ತಮ್ಮ ಹಣದಿಂದಲೇ ಕೊಳ್ಳುತ್ತಿದ್ದುದರಿಂದ, ನಿಯಮ ಬದಲಾದಾಗಲೆಲ್ಲ ಹೊಸದನ್ನು ಕೊಳ್ಳುವ ಬದಲು ತಿರುಪಿನ ಪೊಮೆಲ್ ಒಂದನ್ನೇ ಬದಲಿಸಿಕೊಂಡವರು ಅನೇಕರಿದ್ದರು. ಕಿರೀಟ, ಜ್ವಾಲೆ, ಹದ್ದು ಈ ಮೂರನ್ನೂ ಹೊತ್ತ ಅಲಗು ಇದ್ದರೂ ಆಶ್ಚರ್ಯವಿಲ್ಲ. ಹಳೆಯ ಅಲಗು, ಹೊಸ ಹದ್ದು ಎಂಬುದು ಒಬ್ಬ ಅಧಿಕಾರಿಯ ಸೇವಾವಧಿಯ ದಾಖಲೆಯೂ ಆಗಿರಬಹುದು.

ಉತ್ತರ 2

ಮೇಲಿನ ಮಾತು ಇತಿಹಾಸದ ದೃಷ್ಟಿಯಿಂದ ಸರಿ. ಆದರೆ ಮಾರುವವನು ಹೇಳುವ ಕಥೆಯೂ ಅಕ್ಷರಶಃ ಇದೇ ಎಂಬುದನ್ನು ಮರೆಯಬಾರದು. ಯುದ್ಧ ಮುಗಿದಾಗ ಸೋಲಿಂಗೆನ್‌ನ ಕಾರ್ಖಾನೆಗಳಲ್ಲಿ ಜೋಡಿಸದೆ ಬಿಟ್ಟಿದ್ದ ಅಲಗು, ಹಿಡಿ, ಅಡ್ಡಪಟ್ಟಿಗಳು ಉಳಿದಿದ್ದವು. ಅವನ್ನು ಕೂಡಿಸಿ ಅಮೆರಿಕನ್ ಮತ್ತು ಬ್ರಿಟಿಷ್ ಸೈನಿಕರಿಗೆ ನೆನಪಿನ ವಸ್ತುಗಳಾಗಿ ಮಾರಲಾಯಿತು. 1960ರ ದಶಕದಲ್ಲಿಯೂ ಉಳಿಕೆ ಭಾಗಗಳು ವ್ಯಾಪಾರಿಗಳ ಕೈಸೇರಿದವು. ಅಂಥ ಕಠಾರಿಯ ಪ್ರತಿಯೊಂದು ಭಾಗವೂ ಅಸಲಿ, ಆದರೆ ಕಠಾರಿಯನ್ನು ಯಾವ ಅಧಿಕಾರಿಯೂ ಸೊಂಟಕ್ಕೆ ತೂಗಿಸಿಕೊಂಡಿಲ್ಲ. ಅದನ್ನು ಏನೆಂದು ಕರೆಯಬೇಕು ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ನಾನಂತೂ ಅದನ್ನು ಅಸಲಿ ಎನ್ನಲಾರೆ.

ಆದ್ದರಿಂದ ಮುದ್ರೆಯನ್ನು ಬಿಟ್ಟು ಕೀಲುಗಳನ್ನು ನೋಡಿ. ಹದ್ದನ್ನು ಬಿಚ್ಚಿ, ಅದರ ಕೆಳಗೆ ಹಿಡಿಯ ಮೇಲ್ತುದಿಯಲ್ಲಿ ಬೇರೊಂದು ಪೊಮೆಲ್ ವರ್ಷಗಟ್ಟಲೆ ಒತ್ತಿ ಕುಳಿತ ಗುರುತು ಇದೆಯೇ ಎಂದು ಪರೀಕ್ಷಿಸಿ. ಚಿನ್ನದ ಮುಲಾಮು ಕೈ ಮತ್ತು ಸಮವಸ್ತ್ರ ತಾಗುವ ಕಡೆ ಮಾತ್ರ ಸವೆದು ಗರಿಗಳ ಸಂದಿಯಲ್ಲಿ ಉಳಿದಿರಬೇಕು. ಎಲ್ಲೆಡೆ ಒಂದೇ ಸಮನಾಗಿ ಮಾಸಿದ್ದರೆ ಅದು ರಾಸಾಯನಿಕದ ಕೆಲಸ. ಅಸಲಿ ಹದ್ದಿನಿಂದ ಅಚ್ಚು ತೆಗೆದು ಎರಕ ಹೊಯ್ದರೆ, ತಣಿಯುವಾಗ ಲೋಹ ಕುಗ್ಗುವುದರಿಂದ ನಕಲು ಕೂದಲೆಳೆಯಷ್ಟಾದರೂ ಚಿಕ್ಕದಾಗುತ್ತದೆ, ಗರಿಗಳ ಅಂಚು ಸಾಬೂನಿನಂತೆ ಮೊಂಡಾಗುತ್ತದೆ. ಅಳತೆ ಹಿಡಿದು ನೋಡದೆ ಇದು ತಿಳಿಯುವುದಿಲ್ಲ.

ಉತ್ತರ 3

ಹಿಡಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಾಯಿಸಿದ ಸೂಜಿ ಚುಚ್ಚಿ ಸೆಲ್ಯುಲಾಯ್ಡ್ ಹೌದೋ ಅಲ್ಲವೋ ನೋಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕಿವಿಗೊಡಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದರ ತಯಾರಿಕೆಯಲ್ಲಿ ಕರ್ಪೂರ ಸೇರಿರುತ್ತದೆ. ಇಂದಿನ ರಾಳದ ಹಿಡಿಗೆ ಆ ವಾಸನೆ ಇರುವುದಿಲ್ಲ. ಅಲಗಿನ ಮೇಲಿನ ಲಂಗರು, ಹಾಯಿಹಡಗುಗಳ ಚಿತ್ರದ ಹಿನ್ನೆಲೆಯನ್ನೂ ಭೂತಗನ್ನಡಿಯಲ್ಲಿ ನೋಡಿ: ಹಳೆಯ ಆಮ್ಲದ ಕೊರೆತ ಸ್ವಲ್ಪ ಏರುಪೇರಾಗಿರುತ್ತದೆ, ಯಂತ್ರದ ಕೊರೆತ ಸಾಲು ಹಿಡಿದ ಚುಕ್ಕಿಗಳಂತೆ ಕಾಣುತ್ತದೆ. ಸಾಧ್ಯವಾದರೆ ಸೋಲಿಂಗೆನ್‌ನ ಗ್ರೇಫ್ರಾಟ್‌ನಲ್ಲಿರುವ ಅಲಗುಗಳ ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ. ಒಳ್ಳೆಯ ಕೆಲಸ ಹೇಗಿರುತ್ತದೆ ಎಂಬುದು ಕಣ್ಣಿಗೆ ಅಭ್ಯಾಸವಾಗದೆ ಕೆಟ್ಟದ್ದು ಕಾಣುವುದಿಲ್ಲ. ಇನ್ನೊಂದು ಮಾತು: ಜರ್ಮನಿಯಲ್ಲಿ ದಂಡಸಂಹಿತೆಯ 86ಎ ವಿಧಿ ಸ್ವಸ್ತಿಕದ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸುತ್ತದೆ. ಸಂಶೋಧನೆ, ಬೋಧನೆಗಳಿಗೆ ವಿನಾಯಿತಿ ಉಂಟು. ಹಾಗಿದ್ದರೂ ಚಿತ್ರ ಹಾಕುವಾಗ ಹದ್ದಿನ ಪಾದದ ಭಾಗವನ್ನು ಮುಚ್ಚಿಬಿಡುವುದು ಕ್ಷೇಮ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಹದ್ದನ್ನು ಬಿಚ್ಚಿದೆ. ಮೊದಲು ಒಂದಿಷ್ಟೂ ಅಲುಗಲಿಲ್ಲ. ಒಂದು ಹನಿ ಎಣ್ಣೆ ಬಿಟ್ಟು ಗಂಟೆ ಕಾದ ಮೇಲೆ ತಿರುಗಿತು. ತಿರುಪಿನ ಸಂದಿಯಲ್ಲಿ ಒಣಗಿದ ಕಂದು ಜಿಡ್ಡಿದೆ. ಸೆಲ್ಯುಲಾಯ್ಡಿನ ಮೇಲ್ತುದಿಯಲ್ಲಿ ಎರಡು ವೃತ್ತಗಳ ಗುರುತು ಸ್ಪಷ್ಟವಾಗಿವೆ: ಹದ್ದಿನ ತಳಕ್ಕೆ ಸರಿಯಾಗಿ ಕೂರುವ ಒಂದು ತಿಳಿ ಗೆರೆ, ಅದರ ಒಳಗೆ ಇನ್ನೂ ಆಳವಾದ, ಕಿಲುಬಿನಿಂದ ಹಸಿರುಗಟ್ಟಿದ ಚಿಕ್ಕ ವೃತ್ತ. ಚಿಕ್ಕದರ ಮೇಲೆ ಕುಳಿತಿದ್ದುದು ಜ್ವಾಲೆಯೇ ಇರಬೇಕು. ಕರ್ಪೂರದ ವಾಸನೆಯೂ ಬಂತು.

ಉತ್ತರ 2 ಬರೆದವರಿಂದ

ಎರಡು ವೃತ್ತಗಳಿದ್ದರೆ ನನ್ನ ಸಂಶಯದ ಬಹುಪಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಕಿಲುಬಿನ ವೃತ್ತವನ್ನು ಕೃತಕವಾಗಿ ತರಬಹುದಾದರೂ, ಬಿಚ್ಚಿ ನೋಡದ ಗಿರಾಕಿಗಾಗಿ ಅಷ್ಟು ಶ್ರಮ ಪಡುವವರು ಕಡಿಮೆ. ಹಿಡಿ ಮತ್ತು ಅಲಗು ಬಹುಕಾಲದಿಂದ ಜೊತೆಯಲ್ಲಿವೆ ಎಂದು ಒಪ್ಪಬಹುದು. ಒರೆಯ ವಿಷಯ ಬೇರೆ. ಅದರ ಬಾಯಿಯ ಪಕ್ಕದ ತಿರುಪುಗಳ ತಲೆಯನ್ನು ಹತ್ತಿರದಿಂದ ಚಿತ್ರ ತೆಗೆದು ಹಾಕಿ, ಆಮೇಲೆ ಮಾತಾಡೋಣ.